ಲಿಫ್ಟಿನ ಹೊರಗೆ ಬಿಟ್ಟ ಚಪ್ಪಲಿ

ಮನೆಯಲ್ಲಿ ಅವಳನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವಳು, ಬಸ್ಸಿನ ಸದ್ದು ಊರಾಚೆ ಕೇಳಿದರೆ ಸಾಕು, ತಲೆ ಅರ್ಧ ಬಾಚಿಕೊಂಡು ಬಾಚಣಿಗೆ ಸಮೇತ ಓಡುವವಳು. ಹಾಗೆ ಓಡುವ ಅಗತ್ಯವೇನೂ ಇರಲಿಲ್ಲ. ಆ ಊರಿಗೆ ಬರುತ್ತಿದ್ದದ್ದು ಒಂದೇ ಬಸ್ಸು. ಅವಳು ಕಾಣದಿದ್ದರೆ ಡ್ರೈವರ್ ಮನೆಯ ಮುಂದೆಯೇ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಅಷ್ಟಕ್ಕೂ ಬಾರದಿದ್ದರೆ ಕಂಡಕ್ಟರ್ ಇಳಿದು ಬಂದು, "ಯಾಕಮ್ಮ, ಇವತ್ತು ಬರಲ್ವಾ? ಹುಷಾರಿಲ್ವಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ.

ಇಂಥ ಬಸ್ಸಿನಲ್ಲಿ ಓಡಾಡಿ ಬೆಳೆದ ಹುಡುಗಿ ಒಂದು ದಿನ ಪಟ್ಟಣಕ್ಕೆ ಹೊರಟಳು. ಅಲ್ಲಿ ಅವಳ ಅಕ್ಕ, ಭಾವ ಇದ್ದರು. ಕಿಟಕಿ ಪರದೆಗಳನ್ನು ಹೊಲಿಯುವ ಕಡೆ ಅಕ್ಕ ಅವಳಿಗೊಂದು ಕೆಲಸ ಹುಡುಕಿಟ್ಟಿದ್ದಳು. ಗಡಿಬಿಡಿಯ ಹೊಲಿಗೆ ಮಾತ್ರ ಅವಳ ಹೆಸರಿಗೆ ತಕ್ಕಂತಿರಲಿಲ್ಲ. ಎಷ್ಟು ಉದ್ದದ ಅಂಚಾದರೂ ಗೆರೆ ಎಳೆದ ಹಾಗೆ ಹೊಲಿಯುತ್ತಿದ್ದಳು. ಹೊರಡುವಾಗ ಅಮ್ಮ ತನ್ನ ಕಾಲಿನ ಸವೆದ ಚಪ್ಪಲಿಯನ್ನೇ ಉಳಿಸಿಕೊಂಡು ಮಗಳಿಗೆ ಹೊಸ ಜೊತೆ ಕೊಡಿಸಿದ್ದಳು. ಕಂದು ಪಟ್ಟಿ, ಹಿತ್ತಾಳೆ ಬಕಲು.

ದೊಡ್ಡ ನಿಲ್ದಾಣದಲ್ಲಿ ಇಳಿದು ಸಿಟಿ ಬಸ್ಸು ಹತ್ತಿದಳು. ಕಂಡಕ್ಟರ್ "ಎಲ್ಲಿಗೆ?" ಎಂದ.

"ಅಕ್ಕನ ಮನೆಗೆ."

"ಯಾವ ಅಕ್ಕ?"

"ನಮ್ಮಕ್ಕ. ಇಸ್ತ್ರಿ ಅಂಗಡಿ ಹಿಂದಿನ ಮನೆ, ಹಸಿರು ಗೇಟು. ಅಲ್ಲೇ ನಿಲ್ಲಿಸಿಬಿಡಿ, ಅವಳೇ ಬಂದು ಚೀಲ ಇಳಿಸ್ಕೋತಾಳೆ."

"ನಿಮ್ಮ ಭಾವನಿಗೂ ಬರೋಕೆ ಹೇಳೋಣ್ವಾ?"

"ಬೇಡ ಬೇಡ, ಭಾವ ಇಷ್ಟೊತ್ತಿಗೆ ಕೆಲಸಕ್ಕೆ ಹೋಗಿರ್ತಾರೆ" ಎಂದಳು, ಪಾಪ, ಮನಸ್ಸಿಟ್ಟು. ಬಸ್ಸಿಗೆ ಬಸ್ಸೇ ನಕ್ಕಿತು. ಅವಳೂ ಸ್ವಲ್ಪ ಹೊತ್ತು ಜೊತೆಗೆ ನಕ್ಕಳು. ನಗುತ್ತಿರುವುದು ತನ್ನನ್ನೇ ನೋಡಿ ಎಂದು ತಿಳಿದಾಗ ಕಿವಿಯವರೆಗೂ ಬಿಸಿಯೇರಿತು. ಇಳಿಯುವವರೆಗೂ ಚೀಲದ ಮೇಲಿಟ್ಟ ಕಣ್ಣು ಎತ್ತಲಿಲ್ಲ.

ಮಾರನೆಯ ದಿನ ಅಕ್ಕನ ಜೊತೆ ಬೀದಿಗೆ ಹೋದಾಗ ಇನ್ನೊಂದು ಕಥೆ. ಅವಳ ಊರಿನಲ್ಲಿ ದಾರಿಯಲ್ಲಿ ಎದುರಾದವರನ್ನು ಮಾತಾಡಿಸದೆ ಹೋದರೆ ಜಗಳವಾಡಿದ್ದಾರೆ ಎಂದೇ ಅರ್ಥ. ಹಾಗಾಗಿ ಎದುರು ಬಂದವರನ್ನೆಲ್ಲ "ಎಲ್ಲಿಗೆ ಹೊರಟ್ರಿ?" ಎಂದು ಕೇಳುತ್ತ ನಡೆದಳು. ಒಬ್ಬ ಹೆಂಗಸು ಪರ್ಸನ್ನು ಎದೆಗವಚಿಕೊಂಡಳು. ಮುದುಕರೊಬ್ಬರು ಮಾತ್ರ ನಿಂತು, ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿರುವುದನ್ನೂ, ಪೊರೆ ಬಂದಿರುವುದನ್ನೂ, ಸೊಸೆ ಜೊತೆಗೆ ಬಾರದಿದ್ದುದನ್ನೂ ವಿವರವಾಗಿ ಹೇಳಿಕೊಂಡರು. ನನ್ನನ್ನು ಕೇಳಿದರೆ ಆ ಬೀದಿಯಲ್ಲಿ ಅವತ್ತು ನಡೆದ ಒಳ್ಳೆಯ ಮಾತುಕತೆ ಅದೊಂದೇ. ಆದರೆ ಅಕ್ಕ ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ನಮ್ಮ ಮಾನ ಹರಾಜು ಹಾಕ್ಬೇಡ ಮಾರಾಯ್ತಿ. ಗೊತ್ತಿಲ್ಲದೋರನ್ನ ಏನೂ ಕೇಳ್ಬೇಡ. ಏನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ, ಅರ್ಥ ಆದೋರ ಥರ ಸುಮ್ನಿರು."

ಅಕ್ಕನನ್ನು ಬೈಯುವಂತಿಲ್ಲ. ಹೊಸದರಲ್ಲಿ ಅವಳನ್ನು ನೋಡಿಯೂ ಇದೇ ಬೀದಿ ಬೇಕಾದಷ್ಟು ನಕ್ಕಿತ್ತು. ಗಡಿಬಿಡಿ ಬಾಯಿಗೆ ಬೀಗ ಹಾಕಿಕೊಂಡಳು. ಮುಂದಿನದಕ್ಕೆಲ್ಲ ಕಾರಣವಾದದ್ದು ಆ ಬೀಗವೇ.

ಕೆಲಸದ ಮೊದಲ ದಿನ ಅಕ್ಕ ಕಟ್ಟಡದ ಗೇಟಿನವರೆಗೆ ಬಂದು, "ನಾಲ್ಕನೇ ಮಹಡಿ. ಲಿಫ್ಟಲ್ಲಿ ನಾಲ್ಕು ಒತ್ತು, ಆಯ್ತು" ಎಂದು ಹೇಳಿ ತನ್ನ ಕೆಲಸಕ್ಕೆ ಓಡಿದಳು. ಲಿಫ್ಟ್ ಹೇಗಿರುತ್ತದೆ ಎಂದು ಕೇಳಲು ಗಡಿಬಿಡಿ ಬಾಯಿ ತೆರೆದು, ಹಾಗೇ ಮುಚ್ಚಿದಳು. ಬಾವಿಯ ಕೊಡದ ಹಾಗೆ ಏನೋ ಒಂದು ಹಗ್ಗದಲ್ಲಿ ತೂಗಾಡುತ್ತಿರುತ್ತದೆ ಎಂಬುದು ಅವಳ ಅಂದಾಜು. ಒಳಗೆ ಹೋದರೆ ಅಂಥದ್ದೇನೂ ಕಾಣಲಿಲ್ಲ. ಹಳದಿ ಗೋಡೆ, ಬೆಂಕಿ ಆರಿಸಲು ಮರಳು ತುಂಬಿ ಮೊಳೆಗೆ ತೂಗುಹಾಕಿದ ಕೆಂಪು ಬಕೆಟ್ಟು, ಪಕ್ಕದಲ್ಲಿ ಬಾಗಿಲು ತೆರೆದುಕೊಂಡಿದ್ದ ಒಂದು ಪುಟ್ಟ ಕೋಣೆ. ಒಳಗೆ ಕನ್ನಡಿ, ಫಳಫಳ ಹೊಳೆಯುವ ನೆಲ. ಇಲ್ಲಿ ಕಾಯಬೇಕು, ಯಾರೋ ಬಂದು ಲಿಫ್ಟಿಗೆ ಕರೆದೊಯ್ಯುತ್ತಾರೆ ಎಂದುಕೊಂಡಳು. ಅಷ್ಟು ಚೊಕ್ಕ ನೆಲವನ್ನು ತುಳಿಯಲು ಮನಸ್ಸು ಬಾರದೆ ಚಪ್ಪಲಿಯನ್ನು ಹೊರಗೆ, ಗೋಡೆಯ ಪಕ್ಕ, ಜೋಡಿಸಿ ಬಿಟ್ಟು ಒಳಗೆ ಹೋದಳು. ಗೋಡೆಯಲ್ಲಿ ಅಂಕಿ ಬರೆದ ಗುಂಡಿಗಳು ಕಂಡವು, ಕರೆಯುವ ಗಂಟೆ ಇದೇ ಇರಬೇಕೆಂದು ನಾಲ್ಕು ಒತ್ತಿದಳು.

ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ತಲೆ ತಿರುಗಿದಂತಾಯಿತು. ಹೆದರಿಕೆಗೆ ಬೆಳಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ಬಾಗಿಲು ಮತ್ತೆ ತೆರೆಯಿತು. ಅದೇ ಹಳದಿ ಗೋಡೆ, ಅದೇ ಕೆಂಪು ಬಕೆಟ್ಟು. ಚಪ್ಪಲಿ ಮಾತ್ರ ಇಲ್ಲ.

ಅಲ್ಲಿದ್ದದ್ದು ಕಸ ಗುಡಿಸುವ ಹೆಂಗಸು ಒಬ್ಬಳೇ. ಗಡಿಬಿಡಿಯ ಅಮ್ಮನ ವಯಸ್ಸಿನವಳು. ಪಕ್ಕದಲ್ಲಿ ಅವಳ ಕಸದ ಚೀಲ.

"ಎಲ್ಲಿ ನನ್ನ ಚಪ್ಪಲಿ?"

"ಯಾವ ಚಪ್ಪಲಿ ತಾಯಿ?"

"ಇಲ್ಲೇ ಬಿಟ್ಟಿದ್ದೆ. ಬಾಗಿಲು ಮುಚ್ಚಿ ತೆರೆಯೋಷ್ಟರಲ್ಲಿ ಮಾಯ ಆಗೋಕೆ ಅದಕ್ಕೇನು ರೆಕ್ಕೆ ಇದ್ಯಾ? ಕೊಡು ಸುಮ್ನೆ. ಹಿತ್ತಾಳೆ ಬಕಲಿಂದು, ನಮ್ಮಮ್ಮ ಕೊಡಿಸಿದ್ದು."

ಕೊಡು ಎಂದಳು, ಏಕವಚನದಲ್ಲಿ. ಊರಿನಲ್ಲಿ ಆ ವಯಸ್ಸಿನವರ ಜೊತೆ ಅವಳು ಹಾಗೆ ಮಾತಾಡಿದವಳೇ ಅಲ್ಲ. ಪಟ್ಟಣದಲ್ಲಿ ಸಾಕಷ್ಟು ನಗೆಪಾಟಲಾಗಿದ್ದೇನೆ, ಇನ್ನು ಬಿಡುವುದಿಲ್ಲ ಎಂಬ ಹಟ ನೆತ್ತಿಗೇರಿತ್ತು. ಗಲಾಟೆ ಕೇಳಿ ಪರದೆ ಕೋಣೆಯವರು ಬಂದರು, ಎದುರಿನ ಆಫೀಸಿನವರು ಬಂದರು, ಕಟ್ಟಡದ ಮೇಸ್ತ್ರಿ ಬೀಗದ ಕೈ ಕುಣಿಸುತ್ತ ಬಂದ.

"ಇವಳು ಲಿಫ್ಟಿಂದ ಬರಿಗಾಲಲ್ಲೇ ಇಳಿದ್ಲು ಸ್ವಾಮಿ, ನಾನೇ ನೋಡಿದೆ" ಎಂದಳು ಹೆಂಗಸು. ನಿಜವನ್ನು ಇದಕ್ಕಿಂತ ನೇರವಾಗಿ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಸ್ತ್ರಿ ಚೀಲವನ್ನು ಎತ್ತಿ ಎಲ್ಲರ ಮುಂದೆ ನೆಲಕ್ಕೆ ಸುರಿದ. ದಾರದ ಸಿಕ್ಕು, ಕಾಗದದ ಲೋಟ, ಹಣ್ಣಿನ ಸಿಪ್ಪೆ. ಅವುಗಳ ನಡುವೆ ಗಂಟು ಕಟ್ಟಿದ ಒಂದಿಷ್ಟು ಪರದೆ ಚಿಂದಿ. ಬಿಸಾಡಿದ ತುಂಡುಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ ಇಟ್ಟುಕೊಂಡಿದ್ದಳು.

"ಚಿಂದಿನೂ ಬಿಡೋದಿಲ್ಲ ನೋಡಿ" ಎಂದ ಮೇಸ್ತ್ರಿ. "ಚಪ್ಪಲಿ ಎಲ್ಲೋ ಬಚ್ಚಿಟ್ಟಿದ್ದೀಯ. ಇವತ್ತಿನ ಕೆಲಸ ಮುಗಿಸಿ ಹೋಗು. ನಾಳೆಯಿಂದ ಬರ್ಬೇಡ."

ಹೆಂಗಸು ಕೂತು, ಸುರಿದ ಕಸವನ್ನು ಕೈಯಲ್ಲೇ ಚೀಲಕ್ಕೆ ತುಂಬತೊಡಗಿದಳು. ಪರದೆ ಕೋಣೆಯ ಯಜಮಾನಿ, "ನೀನೇನಾ ಹೊಸಬಳು? ಬಾ, ಅಳ್ಬೇಡ" ಎಂದು ಗಡಿಬಿಡಿಯನ್ನು ಒಳಗೆ ಕರೆದುಕೊಂಡು ಹೋಗಿ ಕಿಟಕಿಯ ಪಕ್ಕದ ಮಿಷನ್ನಿನ ಮುಂದೆ ಕೂರಿಸಿದಳು.

ಗಡಿಬಿಡಿ ಕಿಟಕಿಯಿಂದ ಹೊರಗೆ ನೋಡಿದಳು. ಮರದ ತುದಿಗಳು ಕೆಳಗಿದ್ದವು. ಬಸ್ಸುಗಳು ಬೆಂಕಿಪೊಟ್ಟಣದಷ್ಟಿದ್ದವು. ಅಕ್ಕ ಬಿಟ್ಟುಹೋದ ಗೇಟು ಪಾತಾಳದಲ್ಲಿತ್ತು.

ಮುಖ ತೊಳೆಯುವ ನೆಪ ಹೇಳಿ ಮೆಟ್ಟಿಲಿಳಿದು ಕೆಳಗೆ ಓಡಿದಳು. ಕೆಂಪು ಬಕೆಟ್ಟಿನ ಕೆಳಗೆ, ಅವಳು ಜೋಡಿಸಿದ್ದ ಹಾಗೆಯೇ, ಚಪ್ಪಲಿ ಕಾಯುತ್ತಿತ್ತು. ಯಾರಾದರೂ ಅದನ್ನು ನಿಜಕ್ಕೂ ಕದ್ದಿರಬಾರದಿತ್ತೇ ಎನ್ನಿಸಿತು. ಸೆರಗಿನಲ್ಲಿ ಮುಚ್ಚಿಕೊಂಡು ವಾಪಸು ಹತ್ತುವಾಗ ನಡುವೆ ಆ ಹೆಂಗಸು ಮೆಟ್ಟಿಲು ಒರೆಸುತ್ತಿದ್ದಳು. ಹೇಳಿಬಿಡಬೇಕೆಂದು ಗಡಿಬಿಡಿ ನಿಂತಳು. ಆದರೆ ಹೇಳಿದರೆ ಕಟ್ಟಡವೆಲ್ಲ ನಗುತ್ತದೆ, ಅಕ್ಕನ ಕಿವಿಗೂ ಬೀಳುತ್ತದೆ. ಒದ್ದೆ ಮೆಟ್ಟಿಲ ಮೇಲೆ ಬರಿಗಾಲಿನ ಗುರುತು ಮೂಡಿಸುತ್ತ ಹತ್ತಿ ಹೋದಳು. ಹಿಂದಿನಿಂದ ಹೆಂಗಸು ಒಂದೊಂದನ್ನೇ ಒರೆಸಿದಳು.

ಆ ದಿನವಿಡೀ ಪರದೆ ಕೋಣೆಯವರು ತೋರಿಸಿದ ಪ್ರೀತಿ ಅಷ್ಟಿಷ್ಟಲ್ಲ. ಒಬ್ಬಳು ಊಟದಲ್ಲಿ ಪಾಲು ಕೊಟ್ಟಳು. ಇನ್ನೊಬ್ಬಳು ತನ್ನ ಹಳೆಯ ಚಪ್ಪಲಿ ತಂದುಕೊಟ್ಟಳು, ಎರಡು ಕಾಲು ಒಂದರಲ್ಲೇ ಹಿಡಿಸುವಷ್ಟು ದೊಡ್ಡದು. ಗಡಿಬಿಡಿ ತನ್ನ ಚಪ್ಪಲಿಯನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು, ಆ ದೋಣಿಗಳನ್ನು ಎಳೆಯುತ್ತ ಮನೆ ಸೇರಿದಳು. "ನಿನ್ನದೆಲ್ಲಿ?" ಎಂದಳು ಅಕ್ಕ. "ಯಾರೋ ಕದ್ರು" ಎಂದಳು. ಬೆಳಗ್ಗೆ ಗೊತ್ತಿಲ್ಲದೆ ಹೇಳಿದ ಮಾತನ್ನು ಈಗ ಗೊತ್ತಿದ್ದೂ ಹೇಳಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ಲಿಫ್ಟಿನ ಮುಂದೆ ಜನ ಸಾಲಾಗಿ ನಿಂತಿದ್ದರು. ನೆಲ ಗುಡಿಸಿರಲಿಲ್ಲ. ಗಡಿಬಿಡಿ ತನ್ನ ಹೊಸ ಚಪ್ಪಲಿಯನ್ನೇ ಮೆಟ್ಟಿಕೊಂಡು ಬಂದಿದ್ದಳು. ದೋಣಿ ಕೊಟ್ಟವಳು ಕೆಳಗೆ ನೋಡಿ, "ಅರೆ, ಹಿತ್ತಾಳೆ ಬಕಲು! ಇದೇ ಅಲ್ವಾ? ಸಿಕ್ತಾ?" ಎಂದಳು. ಅಂಥದ್ದೇ ಇನ್ನೊಂದು ಜೊತೆ ಅಂದುಬಿಟ್ಟರೆ ಮುಗಿಯುತ್ತಿತ್ತು.

"ಕಳೆದೇ ಇರ್ಲಿಲ್ಲ" ಎಂದಳು ಗಡಿಬಿಡಿ. "ಇಲ್ಲೇ ಬಿಟ್ಟಿದ್ದೆ, ಈ ಬಕೆಟ್ ಕೆಳಗೆ. ಕೋಣೆ ಮೇಲಕ್ಕೆ ಹೋಗಿದ್ದು ನನಗೆ ಗೊತ್ತಾಗ್ಲಿಲ್ಲ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೇಳಬೇಕೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಯಂತೂ ಕಣ್ಣೊರೆಸಿಕೊಳ್ಳುತ್ತ, "ಕೋಣೆ ಮೇಲಕ್ಕೆ ಹೋಯ್ತಂತೆ!" ಎಂದು ಮಹಡಿ ಮಹಡಿಗೂ ಸಾರಿ ಬಂದ. ನೆಲ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಗಿತ್ತು ಅವಳಿಗೆ. ಆದರೂ ಅಲ್ಲಾಡಲಿಲ್ಲ.

"ಆ ಅಮ್ಮನ್ನ ಕರೆಸಿ ಸಾರ್. ಅಲ್ಲೀವರೆಗೂ ನಾನು ಮೇಲಕ್ಕೆ ಹೋಗಲ್ಲ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೊನೆಗೆ ಯಜಮಾನಿಯೇ ಇಳಿದು ಬಂದು ಗದರಿದ ಮೇಲೆ ಮೇಸ್ತ್ರಿ ಫೋನ್ ಮಾಡಿದ.

ಹೆಂಗಸು ಮಾರನೆಯ ದಿನ ಬಂದಳು. ಗಡಿಬಿಡಿ ಓಡಿಹೋಗಿ, "ತಪ್ಪಾಯ್ತಮ್ಮ, ನಿಮ್ಮನ್ನ ಕಳ್ಳಿ ಅಂದ್ಬಿಟ್ಟೆ" ಎಂದು ಅತ್ತಳು. ಹೆಂಗಸು "ಹ್ಞೂಂ" ಎಂದಳು, ಅಷ್ಟೇ. ಸಂಜೆ ಕಸ ತೆಗೆದು ಹೊರಡುವಾಗ ಪರದೆ ಕೋಣೆಯ ಬಾಗಿಲಲ್ಲಿ ನಿಂತು, ಚೀಲದ ಬಾಯಿಯನ್ನು ಅಗಲವಾಗಿ ಬಿಚ್ಚಿ ಹಿಡಿದಳು. ಒಳಗಿನ ಕಸ ಎಲ್ಲರಿಗೂ ಕಂಡಿತು. ಆಮೇಲೆ ಕಟ್ಟಿಕೊಂಡು ಹೋದಳು. ಮರುದಿನವೂ ಹಾಗೇ ಮಾಡಿದಳು. ಅದರ ಮರುದಿನವೂ.

ಒಳಗಿನವರು ಮೊದಲು ಮುಸಿಮುಸಿ ನಕ್ಕರು. ಆಮೇಲೆ ನೋಡದವರ ಹಾಗೆ ಹೊಲಿಯತೊಡಗಿದರು. ಗಡಿಬಿಡಿಯ ಹೊಲಿಗೆ ಮಾತ್ರ ಸಂಜೆಯಾದರೆ ಸೊಟ್ಟಗಾಗುತ್ತಿತ್ತು. ಒಂದು ಸಂಜೆ ತಡೆಯಲಾರದೆ ಎದ್ದಳು.

"ಸಾಕು ಮಾಡಿ ಅಮ್ಮ, ನಿಮ್ಮ ದಮ್ಮಯ್ಯ. ತಪ್ಪು ನಂದು ಅಂತ ಎಲ್ಲರ ಮುಂದೆ ಹೇಳಿದ್ದೀನಲ್ಲ. ಇನ್ನೂ ನನಗೆ ತೋರಿಸ್ಬೇಡಿ."

"ನಿನಗೆ ಯಾರು ತೋರಿಸ್ತಿದ್ದಾರೆ ಮಗಳೇ?" ಎಂದಳು ಹೆಂಗಸು. "ನೀನು ಅವತ್ತೇ ಬಂದವಳು. ನಾನು ಯಾರು ಅಂತ ನಿನಗೇನು ಗೊತ್ತು? ಇವರೆಲ್ಲ ನನ್ನ ವರ್ಷಗಟ್ಟಲೆ ನೋಡಿದ್ದಾರೆ. ಮೇಜಿನ ಮೇಲೆ ಓಲೆ, ಉಂಗುರ ಬಿಟ್ಟು ಹೋಗಿದ್ದಾರೆ, ಎತ್ತಿಟ್ಟು ಕೊಟ್ಟಿದ್ದೀನಿ. ಅವತ್ತು ನನ್ನ ಚೀಲ ಸುರಿಯೋವಾಗ ಸುತ್ತ ನಿಂತು ನೋಡಿದ್ರು."

ಮಿಷನ್ನುಗಳು ಒಂದೊಂದಾಗಿ ನಿಂತವು. ಯಜಮಾನಿ ಕತ್ತರಿ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದಳು. ಗಡಿಬಿಡಿ ಬಾಗಿಲಿಗೆ ಹೋಗಿ, ಚೀಲದ ಬಾಯಿಯನ್ನು ತಾನೇ ಕೂಡಿಸಿ ಗಂಟು ಹಾಕಿದಳು. ಒಂದು ತುದಿ ಅವಳು, ಇನ್ನೊಂದು ತುದಿ ಆ ಅಮ್ಮ ಹಿಡಿದುಕೊಂಡು, ಲಿಫ್ಟನ್ನು ಬಿಟ್ಟು ಮೆಟ್ಟಿಲ ಕಡೆ ನಡೆದರು. ಒಳಗೆ ಯಾರೂ ತಲೆ ಎತ್ತಲಿಲ್ಲ.