ಗೆಜ್ಜೆ ಅಂಗಡಿಯ ವಂದನಾರ್ಪಣೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಈಗ ಸ್ವಲ್ಪ ಕಡಿಮೆಯಾಗಿದೆ ಎಂದು ಮನೆಯವರು ಹೇಳುತ್ತಾರೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಡಿಮೆಯಾಗಿರಲಿಲ್ಲ. ಆಗ ನಾನು ಬಸವೇಶ್ವರನಗರದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಕೆಳಗೆ ರಾಗಿ ಬೀಸಲು ಶುರುಮಾಡಿದರೆ ಮೇಲೆ ನನ್ನ ಕೀಬೋರ್ಡು ಅದುರುತ್ತಿತ್ತು. ಮೆಟ್ರೋ ಕೆಲಸಕ್ಕೆಂದು ರಾಜಾಜಿನಗರದಲ್ಲಿ ರಸ್ತೆಯುದ್ದಕ್ಕೂ ತಗಡು ನಿಲ್ಲಿಸಿದ ವರ್ಷ ಅದು.

ಆ ತಗಡಿನ ಹಿಂದೆ ಒಂದು ಗೆಜ್ಜೆ ಅಂಗಡಿ ಸಿಕ್ಕಿಹಾಕಿಕೊಂಡಿತ್ತು. ಭರತನಾಟ್ಯದವರು ಕಾಲಿಗೆ ಕಟ್ಟುವ ಗೆಜ್ಜೆ. ನಡೆಸುತ್ತಿದ್ದವರು ಐವತ್ತೈದು ದಾಟಿದ ಒಬ್ಬ ಹೆಂಗಸು. ನಾನು ಆಂಟಿ ಎನ್ನುತ್ತಿದ್ದೆ. ಅಂಗಡಿಯ ಹಿಂಭಾಗದಲ್ಲಿ ಮೂವರು ಹೆಂಗಸರು ಕೂತು ಚರ್ಮದ ಪಟ್ಟಿಯ ಮೇಲೆ ಹಿತ್ತಾಳೆ ಗೆಜ್ಜೆಗಳನ್ನು ಮೇಣ ಸವರಿದ ದಾರದಿಂದ ಹೊಲಿಯುತ್ತಿದ್ದರು. ಒಂದು ಗೆಜ್ಜೆ ಸಡಿಲವಾದರೆ ಇಡೀ ಸಾಲಿನ ನಾದ ಕೆಡುತ್ತದೆ. ತೀರ ಬಿಗಿಯಾದರೆ ನಾದವೇ ಬರುವುದಿಲ್ಲ. ಆ ಹದ ಕೈಗೆ ಹತ್ತಲು ಎರಡು ವರ್ಷ ಬೇಕು ಎನ್ನುತ್ತಿದ್ದರು ಆಂಟಿ. ತಗಡು ಬಂದ ಮೇಲೆ ಗಿರಾಕಿಗಳು ಬರುವುದು ನಿಂತಿತು. ಮಗುವಿನ ಕೈ ಹಿಡಿದು ಗುಂಡಿ ದಾಟಿಸಿಕೊಂಡು ಯಾವ ತಾಯಿ ಬರುತ್ತಾಳೆ? ಅಷ್ಟರಲ್ಲಿ ಸುಂಕದಕಟ್ಟೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಬೇಕಂತೆ ಎಂಬ ಸುದ್ದಿ ಆ ಮೂವರ ಕಿವಿಗೂ ಬಿದ್ದಿತ್ತು. ದಸರಾ ಕಳೆಯುವವರೆಗೆ ತಡೆಯಿರಿ, ಅಷ್ಟರೊಳಗೆ ಇಂಟರ್‌ನೆಟ್ಟಿನಿಂದ ಆರ್ಡರ್ ಬರುತ್ತದೆ ಎಂದು ಆಂಟಿ ಅವರಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ಉಳಿಸುವ ಹೊಣೆ ನನ್ನ ತಲೆಯ ಮೇಲಿತ್ತು.

ವೆಬ್‌ಸೈಟ್ ಚೆನ್ನಾಗಿಯೇ ಇತ್ತು. ಆದರೆ ಹುಡುಕಿದರೆ ಸಿಗುತ್ತಿದ್ದದ್ದು ಐದನೆಯ ಪುಟದಲ್ಲಿ. ಅಲ್ಲಿಯವರೆಗೆ ಹೋಗುವ ತಾಳ್ಮೆ ಯಾರಿಗಿದೆ? ಮೇಲೆ ಬರಬೇಕಾದರೆ ಬೇರೆ ವೆಬ್‌ಸೈಟಿನವರು ನಮ್ಮ ಕಡೆಗೆ ಕೈ ತೋರಿಸಬೇಕು. ಅವರ ಪುಟದಲ್ಲಿ ನಮಗೊಂದು ಲಿಂಕ್ ಇದ್ದರೆ ಅದೇ ಬ್ಯಾಕ್‌ಲಿಂಕ್. ಹತ್ತು ಜನ ಒಳ್ಳೆಯ ಅಂಗಡಿ ಎಂದರೆ ಹನ್ನೊಂದನೆಯವನು ನಂಬುವ ಹಾಗೆ ಸರ್ಚ್ ಎಂಜಿನ್ನೂ ನಂಬುತ್ತದೆ. ಜನ ತಾವಾಗಿ ಹೊಗಳಲಿ ಎಂದು ಕಾದರೆ ದಸರಾ ಹಾಗಿರಲಿ, ಮುಂದಿನ ಯುಗಾದಿಯೂ ಕಳೆದುಹೋಗುತ್ತದೆ. ಆದ್ದರಿಂದ ನನ್ನ ಕಸುಬಿನವರು ದುಡ್ಡು ಕೊಟ್ಟು ಲಿಂಕ್ ಕೊಳ್ಳುತ್ತಿದ್ದರು. ಸರ್ಚ್ ಕಂಪನಿಯ ನಿಯಮದ ಪ್ರಕಾರ ಅದು ತಪ್ಪು, ಸಿಕ್ಕಿಬಿದ್ದರೆ ಸೈಟನ್ನೇ ಹುಡುಕಾಟದಿಂದ ತೆಗೆದುಹಾಕುತ್ತಾರೆ. ಅವರು ಚಾಪೆಯ ಕೆಳಗೆ ನುಗ್ಗಿದರೆ ನಾವು ರಂಗೋಲಿಯ ಕೆಳಗೆ ನುಗ್ಗಬೇಕು, ಅಷ್ಟೇ.

ನನ್ನಷ್ಟು ಎಚ್ಚರಿಕೆಯವಳು ಇನ್ನೊಬ್ಬಳಿಲ್ಲ ಎಂಬ ಜಂಬ ನನಗಿತ್ತು. ಜೂಜಾಡಿ, ಮಾತ್ರೆ ಕೊಳ್ಳಿ ಎಂದು ಕಿರುಚುವ ಸೈಟುಗಳ ಹತ್ತಿರವೂ ಸುಳಿಯಲಿಲ್ಲ. ಸಂಗೀತ ಪಾಠದವರು, ನೃತ್ಯ ಶಾಲೆಯವರು, ಕಛೇರಿಗಳ ಬಗ್ಗೆ ಬರೆಯುವವರು, ಇಂಥವರನ್ನೇ ಹುಡುಕಿ ಇಮೇಲ್ ಮಾಡಿದೆ. ವಾರಕ್ಕೆ ಎರಡೇ ಲಿಂಕ್, ಒಟ್ಟಿಗೆ ಬಂದರೆ ಅನುಮಾನ ಬರುತ್ತದೆ. ಎಲ್ಲರೂ ಒಂದೇ ಮಾತಿನಲ್ಲಿ ಹೊಗಳಿದರೂ ಅನುಮಾನವೇ, ಹಾಗಾಗಿ ಒಂದೊಂದು ಕಡೆ ಒಂದೊಂದು ಪದ. ಗೆಜ್ಜೆಯನ್ನು ಹೇಗೆ ಒರೆಸಿಡಬೇಕು, ಚಿಕ್ಕ ಮಕ್ಕಳ ಕಾಲಿಗೆ ಎಷ್ಟು ಸಾಲಿನದು ಸಾಕು ಎಂದು ನಾನೇ ಲೇಖನ ಬರೆದು ಕಳಿಸುತ್ತಿದ್ದೆ. ಲಿಂಕ್ ಅದರ ನಡುವೆ ಸಹಜವೆಂಬಂತೆ ಕೂರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ನಿಯಮ, ಅವರಿಗೆ ನಾವು ತಿರುಗಿ ಲಿಂಕ್ ಕೊಡಬಾರದು. ಕೊಟ್ಟರೆ ನಮ್ಮಿಬ್ಬರ ನಡುವೆ ವ್ಯವಹಾರ ನಡೆದಿದೆ ಎಂದು ನಾವೇ ಹೇಳಿಕೊಂಡಂತೆ.

ಆಂಟಿಗೆ ಇದ್ಯಾವುದನ್ನೂ ಹೇಳಲಿಲ್ಲ.

"ಪಬ್ಲಿಸಿಟಿ ಆಂಟಿ. ಪೇಪರ್‌ನಲ್ಲಿ ಆ್ಯಡ್ ಕೊಡ್ತಾರಲ್ಲ, ಹಂಗೆ" ಎಂದಿದ್ದೆ.

ಯಾರ್ಯಾರು ಜಾಗ ಕೊಟ್ಟರು ಎಂದು ಅವರು ಪಟ್ಟಿ ಕೇಳಿದರು. ದುಡ್ಡು ಅವರದು, ಕೇಳಿದ್ದು ನ್ಯಾಯವೇ. ಪ್ರಿಂಟ್ ತೆಗೆದು ಕೊಟ್ಟೆ. ಹೊಸ ಗೆಜ್ಜೆಯ ಫೋಟೋಗಳನ್ನು ಸೈಟಿಗೆ ತಾವೇ ಹಾಕಿಕೊಳ್ಳಲಿ ಎಂದು ಪಾಸ್‌ವರ್ಡನ್ನೂ ಕೊಟ್ಟು, ಪುಟ ಸೇರಿಸುವುದನ್ನು ಕಲಿಸಿದ್ದೆ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತ ಬೇಗನೆ ಕಲಿತರು.

ಆಗಸ್ಟ್ ಹೊತ್ತಿಗೆ ಇಪ್ಪತ್ತಮೂರು ಲಿಂಕ್ ಆದವು. ನಾವು ಮೂರನೆಯ ಪುಟಕ್ಕೆ ಬಂದೆವು, ಆಮೇಲೆ ಎರಡನೆಯದಕ್ಕೆ, ಒಂದು ಬೆಳಿಗ್ಗೆ ನೋಡಿದರೆ ಮೊದಲ ಪುಟದಲ್ಲಿ ಆರನೆಯ ಸಾಲು. ಹೊರದೇಶದಿಂದ ಎರಡು ಜೊತೆ, ಪುಣೆಯಿಂದ ನಾಲ್ಕು ಜೊತೆ ಎಂದು ಆರ್ಡರ್‌ಗಳು ಬರತೊಡಗಿದವು. ಗಾರ್ಮೆಂಟ್ಸ್ ಸುದ್ದಿ ಎತ್ತುವುದನ್ನು ಆ ಮೂವರೂ ಬಿಟ್ಟರು.

ಗೌರಿ ಹಬ್ಬ ಕಳೆದ ಮರುವಾರ ಸೈಟ್ ಮಾಯವಾಯಿತು. ಮೊದಲ ಪುಟದಲ್ಲಿ ಇಲ್ಲ, ಎರಡರಲ್ಲಿ ಇಲ್ಲ, ಹತ್ತರವರೆಗೂ ಇಲ್ಲ. ಅಂಗಡಿಯ ಪೂರ್ತಿ ಹೆಸರು ಹಾಕಿ ಹುಡುಕಿದೆ. ಅದಕ್ಕೂ ಸಿಗಲಿಲ್ಲ.

ಎರಡು ದಿನಕ್ಕೆ ಆಂಟಿಯ ಫೋನ್ ಬಂತು. "ಯಾಕೇ, ಒಂದೂ ಮೇಲ್ ಬಂದಿಲ್ಲ? ಹೊಲಿಯೋರು ಕೇಳ್ತಾವ್ರೆ."

"ಸರ್ವರ್ ಪ್ರಾಬ್ಲಂ ಆಂಟಿ. ಸರಿಹೋಗುತ್ತೆ" ಎಂದು ಸುಳ್ಳು ಹೇಳಿದೆ. ಫೋನಿನಲ್ಲಿ ಅವರ ಹಿಂದಿನಿಂದ, ಹೊಲಿದ ಗೆಜ್ಜೆಯನ್ನು ಯಾರೋ ಅಲ್ಲಾಡಿಸಿ ನಾದ ನೋಡುತ್ತಿದ್ದದ್ದು ಕೇಳಿಸುತ್ತಿತ್ತು. ದಸರೆಗೆ ಇನ್ನು ನಾಲ್ಕೇ ವಾರ ಉಳಿದಿತ್ತು.

ಇಪ್ಪತ್ತಮೂರು ಸೈಟುಗಳನ್ನೂ ಒಂದೊಂದಾಗಿ ತೆರೆದು ಜಾಲಾಡಿದೆ. ಯಾರೋ ನನಗೆ ಮೋಸ ಮಾಡಿದ್ದಾರೆ, ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನನ್ನದು ತಪ್ಪಿರಲು ಸಾಧ್ಯವೇ? ನಿದ್ದೆ ಇಲ್ಲ, ಊಟ ಸೇರದು. ಕೊನೆಗೆ ಕೊಯಮತ್ತೂರಿನ ಒಬ್ಬ ಸಂಗೀತ ಮೇಷ್ಟ್ರ ಮೇಲೆ ಅನುಮಾನ ಬಂತು. ಲಿಂಕ್ ಕೊಡುವಾಗ ಅವರೊಬ್ಬರೇ ಚೌಕಾಶಿ ಮಾಡಿದ್ದರು. ನೀವು ಕಂಡಕಂಡವರಿಗೆಲ್ಲ ಲಿಂಕ್ ಮಾರಿ ನಮ್ಮನ್ನು ಮುಳುಗಿಸಿದಿರಿ, ನಾಲ್ಕು ಜನರ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದು ಬಾಯಿಗೆ ಬಂದಂತೆ ಬರೆದು ಕಳಿಸಿದೆ.

ಮರುದಿನವೇ ಅವರ ಉತ್ತರ ಬಂತು. ಇಂಗ್ಲಿಷಿನಲ್ಲಿ ಸಮಾಧಾನವಾಗಿ ಬರೆದಿದ್ದರು. ನಾನು ಇದುವರೆಗೆ ಲಿಂಕ್ ಕೊಟ್ಟಿರುವುದು ನಿಮ್ಮೊಬ್ಬರಿಗೇ ಅಮ್ಮಾ. ನಿಮ್ಮ ಅಂಗಡಿಯವರು ನನಗೆ ವಂದನೆ ಹೇಳಿ ಪುಟವನ್ನೇ ಹಾಕಿದ್ದಾರೆ, ಅದನ್ನು ನೋಡಿ ನನ್ನ ಹೆಂಡತಿಗೂ ಸಂತೋಷವಾಯಿತು. ಕೆಳಗೆ ಆ ಪುಟದ ವಿಳಾಸವಿತ್ತು.

ತೆರೆದೆ. ಅಂಚಿಗೆ ಕಮಲದ ಬಳ್ಳಿ, ಮೇಲೆ ಮಿಣಮಿಣ ಉರಿಯುವ ದೀಪ. ಅದರ ಕೆಳಗೆ ಇಪ್ಪತ್ತಮೂರೂ ಸೈಟುಗಳ ಹೆಸರು, ಒಂದೊಂದಕ್ಕೂ ಲಿಂಕ್. ತಲೆಬರಹದ ಕೆಳಗೆ ಆಂಟಿ ತಮ್ಮ ಬಿ.ಎ. ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥ ಇಷ್ಟು: ಸ್ವಲ್ಪವೇ ಹಣ ಪಡೆದು ತಮ್ಮ ಪುಟಗಳಲ್ಲಿ ನಮಗೆ ಜಾಗ ಕೊಟ್ಟ ಈ ಮಹನೀಯರಿಗೆಲ್ಲ ನಮ್ಮ ಅಂಗಡಿಯ ಹೃತ್ಪೂರ್ವಕ ವಂದನೆಗಳು. ಪುಟ ಹಾಕಿ ಹತ್ತು ದಿನಕ್ಕೆ ಸೈಟ್ ಮಾಯವಾಗಿತ್ತು.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಬಡಾವಣೆಯ ಮಹಿಳಾ ಸಮಾಜದಲ್ಲಿ ಯಾವ ಸಮಾರಂಭವಾದರೂ ವಂದನಾರ್ಪಣೆ ಆಂಟಿಯದೇ. ಮುಖ್ಯ ಅತಿಥಿಯಿಂದ ಹಿಡಿದು ಮೈಕ್‌ನವನು, ಶಾಮಿಯಾನದವನು, ಕಾಫಿ ಮಾಡಿದವನವರೆಗೆ ಎಲ್ಲರ ಹೆಸರು ಓದುತ್ತಿದ್ದರು. ಒಬ್ಬರ ಹೆಸರು ಬಿಟ್ಟುಹೋದರೆ ಮನೆಗೆ ಹೋಗಿ ಕ್ಷಮೆ ಕೇಳಿ ಬರುವ ಜೀವ ಅದು.

ಸ್ಕೂಟಿ ಹತ್ತಿ ಹೇಗೆ ಅಂಗಡಿ ತಲುಪಿದೆನೋ ಗೊತ್ತಿಲ್ಲ. ಆಂಟಿ ನನ್ನನ್ನು ಕಂಡು ಮುಖ ಅರಳಿಸಿದರು.

"ಬಾರೇ. ನೋಡಿದ್ಯಾ ಆ ಪೇಜು? ನಾನೇ ಮಾಡಿದ್ದು, ಯಾರನ್ನೂ ಕೇಳ್ದೆ."

"ಏನ್ ಆಂಟಿ ಮಾಡಿಟ್ಟಿದೀರ! ಕಳ್ಳತನ ಮಾಡಿ ತಮಟೆ ಹೊಡ್ಕೊಂಡಂಗಾಯ್ತು!" ಎಂದು ಕಿರುಚಿದೆ.

ಮೂವರ ಸೂಜಿಗಳೂ ನಿಂತವು. ಆಂಟಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಕಳ್ಳತನಾನಾ? ಯಾವ್ದೇ ಕಳ್ಳತನ? ಪಬ್ಲಿಸಿಟಿ ಅಂದ್ಯಲ್ಲ ನೀನು."

ಬಾಯಿ ಜಾರಿ ಆಗಿತ್ತು, ಇನ್ನು ಮುಚ್ಚಿಡುವಂತಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಲಿಂಕ್ ಕೊಳ್ಳುವುದು ತಪ್ಪೆಂಬುದು, ನನಗೆ ಮೊದಲಿಂದಲೂ ಗೊತ್ತಿದ್ದದ್ದು, ಸರ್ವರ್ ಪ್ರಾಬ್ಲಂ ಎಂದದ್ದು ಸುಳ್ಳೆಂಬುದು. ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿ ಇಳಿಯಿತು.

"ಮೈಕ್‌ನವನಿಗೂ ದುಡ್ಡು ಕೊಡ್ತೀವಿ, ಥ್ಯಾಂಕ್ಸೂ ಹೇಳ್ತೀವಿ. ಹೇಳ್ಕೊಳ್ಳೋಕಾಗದಿರೋ ಕೆಲಸ ಅಂತ ಒಂದ್ ಮಾತು ಹೇಳಿದ್ರೆ ನಾನು ಬೇಡ ಅಂತಿದ್ದೆ ಕಣೇ. ನಂಗ್ಯಾಕೆ ಹೇಳ್ಲಿಲ್ಲ?" ಎಂದರು ಆಂಟಿ. ಅವರು ಬೈದಿದ್ದರೆ ವಾಸಿಯಿತ್ತು. ನನಗೆ ನಾಚಿಕೆಯಿಂದ ಕಣ್ಣು ತುಂಬಿತು.

ಹೊಲಿಯುವವರಲ್ಲಿ ಹಿರಿಯಳು ಗದಗಿನ ಕಡೆಯವಳು. ಅವಳು ಕೇಳಿದಳು, "ಹಂಗಾದ್ರ ದಸರಾಕ್ಕ ಆರ್ಡರ್ ಬರಂಗಿಲ್ಲೇನ್ರೀ ಅಕ್ಕಾರ?"

"ಬರುತ್ತೆ. ಬರೋ ಹಾಗೆ ಮಾಡ್ತೀನಿ" ಎಂದೆ. ಯಾವ ಧೈರ್ಯದ ಮೇಲೆ ಹಾಗೆ ಹೇಳಿದೆನೋ.

ಆ ಪುಟವನ್ನು ಅಲ್ಲೇ ತೆಗೆದೆ. ಲಿಂಕ್ ತೆಗೆದುಬಿಡಿ ಎಂದು ಇಪ್ಪತ್ತಮೂರು ಜನಕ್ಕೂ ಬರೆದೆ. ಕೊಯಮತ್ತೂರಿನ ಮೇಷ್ಟ್ರಿಗೆ ಮೊದಲು ಕ್ಷಮೆ ಕೇಳಿದೆ. ಅವರು ಅದೇ ಸಂಜೆ ತೆಗೆದರು. ಕೆಲವರು ವಾರಗಟ್ಟಲೆ ಉತ್ತರಿಸಲಿಲ್ಲ, ಒಬ್ಬನಂತೂ ತೆಗೆಯುವುದಕ್ಕೂ ದುಡ್ಡು ಕೇಳಿದ. ದಿನಕ್ಕೆ ಹತ್ತು ಸಲ ಅವನ ಪುಟ ತೆರೆದು ನೋಡುವುದೇ ಕೆಲಸವಾಯಿತು. ಎಲ್ಲ ತೆಗೆಸುವ ಹೊತ್ತಿಗೆ ನವರಾತ್ರಿಯ ಬೊಂಬೆಗಳು ಮನೆಮನೆಯಲ್ಲಿ ಕೂತಿದ್ದವು.

ಆಮೇಲೆ ಸರ್ಚ್ ಕಂಪನಿಗೆ ತಪ್ಪೊಪ್ಪಿಗೆ ಬರೆಯಬೇಕು, ಮತ್ತೆ ಪರಿಶೀಲಿಸಿ ಎಂದು ಕೇಳಬೇಕು. ನಮ್ಮ ಕಸುಬಿನಲ್ಲಿ ಅದಕ್ಕೊಂದು ಸಿದ್ಧ ವಾಕ್ಯವಿತ್ತು: ಹಿಂದಿನ ಏಜೆನ್ಸಿಯವರು ನಮಗೆ ತಿಳಿಯದಂತೆ ಈ ಲಿಂಕ್‌ಗಳನ್ನು ಕೊಂಡಿದ್ದರು. ನಾನೂ ಹಾಗೆಯೇ ಬರೆದು ಆಂಟಿಗೆ ಓದಿ ಹೇಳಿದೆ.

"ಯಾವ ಏಜೆನ್ಸಿ?" ಎಂದರು.

"ಎಲ್ಲರೂ ಹಿಂಗೇ ಬರೀತಾರೆ ಆಂಟಿ" ಎಂದೆ.

"ನಾವೇ ಕೊಂಡ್ವಿ, ತಪ್ಪಾಯ್ತು ಅಂತ ಬರಿ. ಇನ್ನೊಂದ್ ಸುಳ್ಳಿಗೆ ನನ್ನ ಅಂಗಡಿ ಹೆಸರು ಹಾಕ್ಬೇಡ."

ಅಳಿಸಿ ಮತ್ತೆ ಬರೆದೆ. ಕೊಂಡವಳು ನಾನು, ಅಂಗಡಿಯವರಿಗೆ ಇದು ನಿಯಮಬಾಹಿರವೆಂದು ಗೊತ್ತಿರಲಿಲ್ಲ, ನಾನೇ ಹೇಳಿರಲಿಲ್ಲ. ಆಂಟಿಗೆ ಇನ್ನೊಮ್ಮೆ ಓದಿ ಹೇಳಿ ಕಳಿಸಿದೆ.

ಆಯುಧಪೂಜೆಗೆ ಆಂಟಿ ಕರೆದರು. ಸೂಜಿ, ಕತ್ತರಿ, ಮೇಣದುಂಡೆಗೆಲ್ಲ ಕುಂಕುಮ ಹಚ್ಚಿದ್ದರು. ಆ ಮೂವರು ನನ್ನೊಂದಿಗೆ ಎಂದಿನಂತೆಯೇ ಮಾತಾಡಿದರು, ಅದೇ ನನಗೆ ತಡೆಯಲಾಗಲಿಲ್ಲ. ಬೇಗ ಎದ್ದು ಬಂದೆ. ವಿಜಯದಶಮಿ ಕಳೆದು ಒಂದು ವಾರ ಆಯಿತು, ಉತ್ತರವಿಲ್ಲ. ಇನ್ನು ನಿಮ್ಮನ್ನು ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ ಎಂದು ಆಂಟಿಯೇ ಅವರಿಗೆ ಹೇಳಿದರಂತೆ. ಮೂವರೂ ಒಟ್ಟಿಗೆ ಸುಂಕದಕಟ್ಟೆಗೆ ಹೋಗಿ ಸೇರಿಕೊಂಡರು.

ಅವರು ಹೋದ ನಾಲ್ಕನೆಯ ದಿನ ಮಧ್ಯಾಹ್ನ, ಕೆಳಗೆ ಗಿರಣಿ ಓಡುತ್ತಿದ್ದಾಗ ಸುಮ್ಮನೆ ಹುಡುಕಿ ನೋಡಿದೆ. ಎರಡನೆಯ ಪುಟದಲ್ಲಿ ನಮ್ಮ ಅಂಗಡಿಯ ಹೆಸರು. ಎದ್ದುಬಿದ್ದು ಓಡಿದೆ. ಆಂಟಿ ಅರ್ಧ ಷಟರ್ ಎಳೆದು, ಹಿಂದಿನ ಕೋಣೆಯ ಚಾಪೆಗಳನ್ನು ಸುತ್ತಿಡುತ್ತಿದ್ದರು.

"ಬಂತು ಆಂಟಿ, ಸೈಟ್ ವಾಪಸ್ ಬಂತು!"

"ಬಂತಾ? ಒಳ್ಳೇದಾಯ್ತು ಕಣೇ" ಎಂದು ಚಾಪೆಯ ಮೇಲೆ ಕೂತರು. "ಆರ್ಡರ್ ಬಂದ್ರೆ ಹೊಲಿಯೋರು ಯಾರೇ?"

ನಾನು ಗಾರ್ಮೆಂಟ್ಸ್ ಗೇಟಿನವರೆಗೂ ಹೋಗಿ ಗದಗಿನ ಅಕ್ಕನನ್ನು ಕಂಡು ಬಂದೆ. "ಈಗ ಪಿ.ಎಫ್. ಬರೆಸೇವ್ರೀ, ಬಿಟ್ಟು ಬರಾಕ ಆಗಂಗಿಲ್ರಿ" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆಂಟಿಯ ಕಣ್ಣಿಗೆ ಅಷ್ಟರಲ್ಲಾಗಲೇ ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗಿತ್ತು.

ದೀಪಾವಳಿಗೆ ಮೂರು ದಿನವಿರುವಾಗ ಒಂದು ನೃತ್ಯ ಶಾಲೆಯವರು ಅರವತ್ತು ಜೊತೆ ಗೆಜ್ಜೆ ಬೇಕೆಂದು ಬರೆದರು. ಅಂಗಡಿಗೆ ಅಷ್ಟು ದೊಡ್ಡ ಆರ್ಡರ್ ಹಿಂದೆಂದೂ ಬಂದಿರಲಿಲ್ಲವಂತೆ. ಆಂಟಿ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದರು. ಆಮೇಲೆ, ಆಗಲ್ಲ ಅಂತ ನೀನೇ ಬರಿ ಎಂದರು. ಅವರ ಎದುರಿಗೇ ಕೂತು ಬರೆದೆ: ನಮ್ಮಲ್ಲಿ ಈಗ ಗೆಜ್ಜೆ ಹೊಲಿಯುವವರಿಲ್ಲ, ದಯವಿಟ್ಟು ಕ್ಷಮಿಸಿ.