ಮುಧೋಳ ಅಲ್ರಿ, ಕೆರೂರ

ಅವರ ಬಲ ಅಂಗೈ ಎಡ ಅಂಗೈಗಿಂತ ನೋಡಿದ ಕೂಡಲೇ ಗೊತ್ತಾಗುವಷ್ಟು ಅಗಲವಾಗಿತ್ತು. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಬೆರಳ ಸಂದಿಯಲ್ಲಿ ಹಿಟ್ಟು ಯಾವಾಗಲೂ ಕೂತಿರುತ್ತಿತ್ತು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಆ ಕೈ ಒಮ್ಮೆ ಪಕ್ಕದಲ್ಲಿ ಮಲಗಿದ ನಾಯಿಯ ಬೆನ್ನ ಮೇಲೆ ಬೀಳುತ್ತಿತ್ತು. ಆಮೇಲೆ ಕೈ ತೊಳೆದುಕೊಳ್ಳುತ್ತಿದ್ದರು, ಅದನ್ನು ನಾನು ಒಪ್ಪಲೇಬೇಕು. ಹೀಗಾಗಿ ಆ ಕಂದು ನಾಯಿಯ ಬೆನ್ನ ಮೇಲೆ ಹಗಲೆಲ್ಲ ಐದು ಬೆರಳಿನ ಬಿಳಿ ಗುರುತು ಇರುತ್ತಿತ್ತು. ಬಸ್ಸಿಳಿದು ಬಂದ ಕೆಲವರು ಅದನ್ನು ಹುಟ್ಟುಮಚ್ಚೆ ಎಂದೇ ತಿಳಿದು ಬೆರಗಾಗಿದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಕೆರೂರಿನ ಬಸ್ ನಿಲ್ದಾಣದ ಎದುರು ಅವರ ರೊಟ್ಟಿ ಕೇಂದ್ರ. ಊರವರಿಗೆಲ್ಲ ಅವರು ರೊಟ್ಟಿ ಅಕ್ಕಾರು. ಬೀರಪ್ಪ ದೇವರ ಒಕ್ಕಲು, ಹಣೆಗೆ ಭಂಡಾರದ ಅರಿಶಿನ ಇಲ್ಲದೆ ಒಲೆ ಹೊತ್ತಿಸಿದವರಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬ ಮಗಳನ್ನು ಬೆಳೆಸಿ ಕಮತಗಿಗೆ ಕೊಟ್ಟಿದ್ದರು. ಓದು ಬರಹ ಬರುತ್ತಿರಲಿಲ್ಲ. ಅವರ ಅಂಗಡಿಗೂ ನನ್ನ ಮನೆಗೂ ನಡುವೆ ಒಂದು ರಸ್ತೆಯಷ್ಟೇ ಅಂತರ.

ನಾನು ಅದೇ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಕಿಟಕಿಯ ಹಿಂದೆ ಕೂತಿದ್ದಷ್ಟು ಕಾಲ ಜನ ನನ್ನನ್ನು ಕೇಳುತ್ತಲೇ ಇದ್ದರು. ಬಾದಾಮಿ ಬಸ್ ಎಷ್ಟಕ್ಕೆ, ಬಾಗಲಕೋಟೆ ಗಾಡಿ ಹೋಯಿತೇ, ಕೊನೆಯ ಬಸ್ ಇದೆಯೇ. ಆಗ ಅವರ ಮೇಲೆ ರೇಗುತ್ತಿದ್ದೆ. ನಿವೃತ್ತನಾದ ಮರುದಿನ ಅದೇ ನಿಲ್ದಾಣದ ಕಟ್ಟೆಯ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆ. ಒಬ್ಬನೂ ನನ್ನನ್ನು ಏನೂ ಕೇಳಲಿಲ್ಲ. ಮನೆಗೆ ಬಂದು ಊಟ ಮಾಡದೆ ಮಲಗಿದೆ.

ನಾಯಿ ತಂದದ್ದು ಅದಕ್ಕೇ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಅಪ್ಪಟ ಮುಧೋಳ ನಾಯಿ, ಮುಧೋಳದ ಕಡೆಯಿಂದಲೇ, ತಂದೆ ತಾಯಿಯ ವಿವರ ಬರೆದ ಕಾಗದ ಸಮೇತ. ಹೆಸರು ರಾಜಾ. ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ಜುಬ್ಬಾದ ಜೇಬಿನಲ್ಲಿ ಇಟ್ಟುಕೊಂಡು, ಹಿತ್ತಾಳೆ ಬಿಲ್ಲೆಯ ಪಟ್ಟಿ ಕಟ್ಟಿ, ದಿನಾ ಎರಡು ಹೊತ್ತು ರಾಜಾನನ್ನು ನಿಲ್ದಾಣದ ಮುಂದೆ ನಡೆಸುತ್ತಿದ್ದೆ. ಯಾರಾದರೂ ನಿಂತು ‘ಯಾವ ನಾಯಿ ರೀ ಇದು’ ಎಂದು ಕೇಳಲಿ ಎಂಬ ಒಂದೇ ಆಸೆ.

ಕೇಳಿದರು. "ಸಾಹೇಬ್ರ, ನಾಯಿಗಿ ಕೂಳ ಹಾಕಂಗಿಲ್ಲೇನು? ಎಲಬು ಎಣಸಾಕ ಬರ್ತಾವ" ಎಂದರು. ಮುಧೋಳ ನಾಯಿ ಇರುವುದೇ ಹಾಗೆ, ಹೊಟ್ಟೆ ಬೆನ್ನಿಗೆ ಹತ್ತಿದಂತೆ, ಪಕ್ಕೆಲುಬು ಕಾಣುವಂತೆ. ಇದೇ ಜಿಲ್ಲೆಯ ನಾಯಿ, ಇದೇ ಜಿಲ್ಲೆಯ ಜನ, ಆದರೂ ಜಾತಿ ನಾಯಿ ಎಂದರೆ ಮೈ ತುಂಬಿಕೊಂಡಿರಬೇಕು ಎಂದು ಅವರ ಎಣಿಕೆ. ಬಾದಾಮಿ ಬಸ್ಸಿನ ಕಿಟಕಿಯಿಂದ ಒಬ್ಬ ಹೆಣ್ಣುಮಗಳು "ಪಾಪ, ಹಡದೈತಿ ಕಾಣ್ತೈತಿ, ಮರಿಗಿ ಹಾಲ ಕುಡಿಸಿ ಸೊರಗೇತಿ" ಎಂದು ಅರ್ಧ ಪ್ಯಾಕೆಟ್ ಬಿಸ್ಕತ್ತು ಎಸೆದಳು. ಗಂಡು ನಾಯಿಗೆ ಬಾಣಂತಿ ಪಟ್ಟ. ನಾನು ಜೇಬಿನಿಂದ ಕಾಗದ ತೆಗೆಯುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಇಂಥ ಎಷ್ಟು ಬಸ್ಸುಗಳನ್ನು ಸೀಟಿ ಊದಿ ನಿಲ್ಲಿಸಿದವನು ನಾನು. ರಾಜಾ ಮಾತ್ರ ನಾಚಿಕೆಯಿಲ್ಲದೆ ಬಿಸ್ಕತ್ತು ತಿಂದ.

ಇತ್ತ ಅಕ್ಕಾರ ನಾಯಿ. ಅದು ಸಂತೆ ಬಯಲಿನ ಗಟಾರದಲ್ಲಿ ಸಿಕ್ಕ ಮರಿ. ತಂದೆ ಯಾರು, ತಾಯಿ ಯಾರು, ಆ ಬೀರಪ್ಪನಿಗೇ ಗೊತ್ತು. ಹೆಸರು ನಿಂಗಿ. ರೊಟ್ಟಿ ತಿಂದು ಮಿಂಚುವ ಮೈ, ಉದ್ದ ಮೂತಿ, ಅಗಲ ಎದೆ. ಹಾದು ಹೋಗುವವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು.

"ಗಂಡೇನ್ರಿ ಅಕ್ಕಾರ?"

"ಹೆಣ್ಣ್ರಿ. ಮೂರ ಸರ್ತಿ ಹಡದೈತಿ."

"ಮುಧೋಳ ಹೌದಲ್ರಿ?"

ಆಗ ಅಕ್ಕಾರು ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಹಂಚಿನ ಮೇಲಿನ ರೊಟ್ಟಿ ಕರಕಾದರೂ ಚಿಂತೆಯಿಲ್ಲ. ಗದ್ದ ಸ್ವಲ್ಪ ಮೇಲೆತ್ತಿ, "ಮುಧೋಳ ಅಲ್ರಿ, ಕೆರೂರ" ಎನ್ನುತ್ತಿದ್ದರು. ನಾಯಿಯನ್ನು ಅದರ ಅಂತಸ್ತಿಗಿಂತ ಮೇಲೆ ಏರಿಸಿ ಹೇಳಿದರೆ ಯಾರಾದರೂ ಸುಮ್ಮನೆ ನಕ್ಕು ಒಪ್ಪಿಕೊಳ್ಳುತ್ತಾರೆ. ಇವರಿಗೆ ಅದು ಅವಮಾನ. ಒಮ್ಮೆ ನಾನೇ ತಡೆಯಲಾರದೆ, ಅಷ್ಟು ಮಂದಿ ಮುಧೋಳ ಅನ್ನುವಾಗ ಹೂಂ ಅಂದರೆ ನಿಮ್ಮ ಗಂಟು ಏನು ಹೋಗುತ್ತದೆ ಎಂದು ಕೇಳಿದ್ದೆ. "ಚಲೋ ಐತಿ ಅಂತ ಬ್ಯಾರೆ ಊರ ಹೆಸರ ಹಚ್ಚಿದ್ರ, ನಮ್ಮ ನಿಂಗಿ ಚಲೋತನ ಎಲ್ಲಿ ಹೋತ್ರಿ ಸಾಹೇಬ್ರ?" ಎಂದರು. ನನ್ನ ಮೈ ಉರಿಯಿತು.

ಉರಿಯಿತು ಎಂದರೆ ಸಣ್ಣ ಮಾತು. ಕಾಗದ ನನ್ನ ಜೇಬಿನಲ್ಲಿ, ಹೆಸರು ಅವರ ನಾಯಿಗೆ. ಬೇಕಾದವನಿಗೆ ಸಿಗುತ್ತಿಲ್ಲ, ಸಿಕ್ಕವರು ಬೇಡವೆಂದು ತಿರುಗಿಸಿ ಕಳಿಸುತ್ತಿದ್ದಾರೆ. ಮನೆಯ ಕಿಟಕಿಯಲ್ಲಿ ಕೂತು ಆ ಜನಜಂಗುಳಿಯನ್ನು ನೋಡುತ್ತಿದ್ದ ನನಗೆ ನನ್ನ ಹೆಂಡತಿ, "ನಿಮ್ಮ ಹೊಟ್ಟಿ ಮ್ಯಾಲ ಹಂಚ ಇಟ್ರ ಅಕ್ಕಾರಿಗೆ ಕಟಿಗಿ ಉಳಿತಾವ" ಎಂದಳು.

ಕೊನೆಗೆ ನಾನೇ ಬಾಗಲಕೋಟೆಯ ಒಬ್ಬ ವರದಿಗಾರನಿಗೆ ಫೋನ್ ಮಾಡಿದೆ. ಮುಧೋಳ ನಾಯಿಗಳ ಬಗ್ಗೆ ಬರೆಯುತ್ತಿದ್ದಾನೆಂದು ಯಾರೋ ಹೇಳಿದ್ದರು. ಬರುತ್ತೇನೆಂದ. ಆ ದಿನ ರಾಜಾನಿಗೆ ಸ್ನಾನ ಮಾಡಿಸಿ ಒಳಗೆ ಕಟ್ಟಿ, ಫೋಟೊದಲ್ಲಿ ನಾನೂ ಚೆನ್ನಾಗಿ ಕಾಣಲಿ ಎಂದು ಕ್ಷೌರದಂಗಡಿಗೆ ಹೋದೆ. ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಸಾಬೂನು ಹಚ್ಚಿದ್ದಾಗ ರಸ್ತೆಯ ಆಚೆ ಅಕ್ಕಾರ ಅಂಗಡಿ ಮುಂದೆ ಆ ಮನುಷ್ಯ ಮಂಡಿಯೂರಿ ನಿಂಗಿಯ ಫೋಟೊ ತೆಗೆಯುವುದು ಕನ್ನಡಿಯಲ್ಲಿ ಕಂಡಿತು. ನೊರೆ ಮುಖದಲ್ಲೇ ಓಡಿದೆ. ಅಕ್ಕಾರು ಅವನಿಗೆ ಹೇಳುತ್ತಲೇ ಇದ್ದರು: "ಇದ ಅಲ್ರಿ. ಮುಧೋಳದ್ದು ಸಾಹೇಬ್ರ ಮನ್ಯಾಗ ಐತಿ." ಅವನು "ನಿಮಗ ಗೊತ್ತಾಗಂಗಿಲ್ಲ ಅಕ್ಕಾರ, ಇದ ಅಪ್ಪಟ ಮುಧೋಳ" ಎಂದು ಎದ್ದ. ನನ್ನ ಜೊತೆ ಮನೆಗೆ ಬಂದು ರಾಜಾನನ್ನು ನೋಡಿ, ಇದು ಮೈ ತುಂಬಿಕೊಂಡ ಮೇಲೆ ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೋದ.

ನಾಲ್ಕು ದಿನದ ಮೇಲೆ ಪತ್ರಿಕೆ ಬಂತು. ಅಂಗೈಯಗಲದ ಫೋಟೊ. ಕೆಳಗೆ: ‘ಕೆರೂರಿನಲ್ಲಿ ಕಂಡುಬಂದ ಅಪ್ಪಟ ಮುಧೋಳ ತಳಿಯ ಗಂಡು ನಾಯಿ’.

ಅಕ್ಕಾರು ಅದನ್ನು ನನ್ನ ಹತ್ತಿರವೇ ತಂದರು. ಓದಿದವರು ಹತ್ತಿರದಲ್ಲಿ ನಾನೇ ತಾನೆ. "ಏನ ಬರದಾರ್ರಿ ಸಾಹೇಬ್ರ, ನಮ್ಮ ನಿಂಗಿ ಮ್ಯಾಲ?" ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ನಿಂತಿದ್ದರು. ಆ ಮುಖದ ಸಂತೋಷ ನನಗೆ ಸಹಿಸಲಾಗಲಿಲ್ಲ. ಅದು ಸಣ್ಣದಾಗಬೇಕು, ಈಗಲೇ, ನನ್ನ ಕಣ್ಣೆದುರೇ ಎನಿಸಿತು. ಅಕ್ಷರಗಳ ಮೇಲೆ ಬೆರಳಿಟ್ಟು ಓದುವವನಂತೆ ಓದಿದೆ: "ಕೆರೂರಿನ ಗಟಾರದಲ್ಲಿ ಸಿಕ್ಕ ಹೆಣ್ಣು ಬೀದಿ ನಾಯಿ."

ಅವರ ಮುಖ ಇನ್ನಷ್ಟು ಅರಳಿತು. "ಹೆಣ್ಣು ಅಂತ ಬರದಾರಾ? ಕೆರೂರ ಅಂತ? ಆ ಹುಡುಗ ತಿಳಿಯಲಾರದಂವ ಅಂದ್ಕೊಂಡಿದ್ದೆ, ಶಾಣ್ಯಾ ಇದ್ದಾನ" ಎಂದರು. ಹಿಟ್ಟಿನ ಅಂಟು ಮಾಡಿ ಆ ತುಣುಕನ್ನು ಒಲೆಯ ಮೇಲಿನ ಗೋಡೆಗೆ ಹಚ್ಚಿದರು. ಬಂದವರಿಗೆಲ್ಲ ಅದರ ಕಡೆ ಬೆರಳು ಮಾಡಿ, "ಓದ್ರಿ, ನಾ ಹೇಳಿದ್ರ ನಂಬಂಗಿಲ್ಲ, ಪೇಪರಿನ್ಯಾಗ ಬರದಾರ" ಎನ್ನುತ್ತಿದ್ದರು. ಓದಿದವರು ತಬ್ಬಿಬ್ಬಾಗಿ ಅವರ ಮುಖ, ಗೋಡೆ ನೋಡಿ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಆ ಹತ್ತು ದಿನ ರಾಜಾನನ್ನು ಹಿಂದಿನ ಓಣಿಯಲ್ಲೇ ನಡೆಸಿದೆ.

ಹನ್ನೊಂದನೇ ದಿನ ಬಾಗಲಕೋಟೆ ಬಸ್ಸಿನ ಮಹಿಳಾ ಕಂಡಕ್ಟರೊಬ್ಬಳು ರೊಟ್ಟಿಗಾಗಿ ಕಾಯುತ್ತಾ ಅದನ್ನು ಗಟ್ಟಿಯಾಗಿ ಓದಿಬಿಟ್ಟಳು. ಆ ಸಂಜೆ ಅಕ್ಕಾರು ನಮ್ಮ ಮನೆಯ ಹೊಸ್ತಿಲಿಗೆ ಬಂದರು. ಕೈಯಲ್ಲಿ ಅರಿವೆ ಸುತ್ತಿದ ಬಿಸಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಬೈಯಲು ಬಂದರು ಎಂದುಕೊಂಡು ನಾನು ಎದ್ದು ನಿಂತೆ.

"ಪೇಪರಿನವ್ರು ತಪ್ಪ ಹಾಕಿದ್ರಂತ. ನೀವು ಅದನ್ನ ತಿದ್ದಿ ಓದೀರಿ. ನನ್ನ ಮುಂದ ನಿಂಗಿಗೆ ಬ್ಯಾರೆ ಹೆಸರ ಓದಾಕ ನಿಮಗ ಮನಸ ಬರಲಿಲ್ಲ. ಇಷ್ಟ ಮಂದ್ಯಾಗ ಅದನ್ನ ಗುರತ ಹಿಡದವರು ನೀವೊಬ್ರ."

ಹೆಂಡತಿ ನನ್ನ ಮುಖ ನೋಡಿದಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಾನು "ಹಂಗೇನಿಲ್ರಿ ಅಕ್ಕಾರ" ಎಂದೆ. ಅವರು ಅದನ್ನು ದೊಡ್ಡವರ ವಿನಯ ಎಂದುಕೊಂಡರು. ರೊಟ್ಟಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಇಳಿಯಿತು. ಮಾರನೆಯ ದಿನ ಗೋಡೆಯ ಮೇಲಿನ ಅಕ್ಷರಗಳಿಗೆ ಅಕ್ಕಾರು ಇದ್ದಿಲು ಬಳಿದಿದ್ದರು, ಫೋಟೊ ಮಾತ್ರ ಉಳಿದಿತ್ತು.

ಅಂದಿನಿಂದ ಅವರು ರಾಜಾನ ಪರ ನಿಂತರು. ಯಾರಾದರೂ ರಾಜಾನನ್ನು ನೋಡಿ ಪಾಪ ಎಂದರೆ ಸಾಕು, ಒಲೆಯ ಮುಂದಿನಿಂದಲೇ ಅವರ ದನಿ ರಸ್ತೆ ದಾಟಿ ಬರುತ್ತಿತ್ತು. "ಸೊರಗಿಲ್ರಿ ಅದು. ಮುಧೋಳ. ಗಂಡು. ಅದರ ಮೈಕಟ್ಟ ಹಂಗ ಇರಬೇಕು. ಕಾಗದ ಐತಿ, ಸಾಹೇಬ್ರನ್ನ ಕೇಳ್ರಿ." ಜನ ಬಂದು ನನ್ನನ್ನು ಕೇಳತೊಡಗಿದರು. ನಾನು ಕಾಗದ ತೋರಿಸಿದೆ, ವಿವರಿಸಿದೆ, ಕೆಲವರು ರಾಜಾನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಬೇಡಿದ್ದೆಲ್ಲ ಸಿಕ್ಕಿತು. ಸಿಕ್ಕಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚಾಯಿತು. ನನ್ನ ನಾಯಿಯ ಮರ್ಯಾದೆಯೂ ಅವರ ಬಾಯಿಂದಲೇ ಬರಬೇಕಾಯಿತಲ್ಲ ಎಂದು. ಕಾಗದ ಹಿಡಿದು ಮೂರು ವರ್ಷ ತಿರುಗಿದ ನಾನು ಮಾಡಲಾಗದ್ದನ್ನು, ಒಂದಕ್ಷರ ಬಾರದ ಆ ಹೆಣ್ಣುಮಗಳು ಕೂತಲ್ಲೇ ಮಾಡಿದ್ದರು. ಅದೂ ನಾನು ಹೇಳಿದ ಸುಳ್ಳಿನ ಋಣಕ್ಕೆ.

ಎರಡು ವರ್ಷ ಹೀಗೆ ನಡೆಯಿತು. ಹೋದ ವರ್ಷ ಅವರಿಗೆ ಎದೆನೋವು ಬಂದು ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ನೋಡಲು ಹೋದೆ. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಹಿಟ್ಟಿಲ್ಲದ ಆ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಿಂಗಿ ಉಂಡಿತೇ, ರಾಜಾ ಹೇಗಿದ್ದಾನೆ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಅಕ್ಕಾರ, ಅವತ್ತ ನಾ ತಿದ್ದಿ ಓದಲಿಲ್ರಿ. ನಿಮ್ಮ ನಾಯಿ ಪೇಪರಿನ್ಯಾಗ ಬಂತಲ್ಲ ಅಂತ ಹೊಟ್ಟಿ ಉರದಿತ್ತು. ನಿಮ್ಮ ಮಾರಿ ಸಣ್ಣದಾಗ್ಲಿ ಅಂತ ಓದಿದ್ದೆ."

ಅವರು ಸಲೈನ್ ಬಾಟಲಿಯನ್ನೇ ನೋಡುತ್ತಿದ್ದರು.

"ಹೊಟ್ಟಿಕಿಚ್ಚು ನನ್ನ ಮ್ಯಾಲೋ, ನಿಂಗಿ ಮ್ಯಾಲೋ?"

"ಇಬ್ಬರ ಮ್ಯಾಲೂ."

ಸ್ವಲ್ಪ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ. "ಹೇಳಬಾರದಿತ್ರಿ ಸಾಹೇಬ್ರ. ಒಬ್ಬರಾರ ಅದನ್ನ ನೋಡಿ ಗುರತ ಹಿಡದಾರಂತ ಎರಡ ವರ್ಷ ಖುಷಿಲೆ ಇದ್ನಿ" ಎಂದು ಗೋಡೆಯ ಕಡೆ ತಿರುಗಿದರು. ನನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಅವರ ಹತ್ತಿರ ಇದ್ದದ್ದನ್ನೂ ಕಿತ್ತುಕೊಂಡಿದ್ದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ನನ್ನ ಮೇಲೆಯೇ ಹೇಸಿಗೆ. ಆ ವಾರವೇ ಅವರು ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ಮಗಳು ಅಂಗಡಿ ಖಾಲಿ ಮಾಡಲು ಬಂದಳು. ನಾನು ಹೋಗಿ, ನಿಂಗಿಯನ್ನು ನನಗೆ ಕೊಡು ತಾಯಿ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದೆ. ಆ ಮಾತು ಬಾಯಿಗೆ ಬರುವವರೆಗೂ ಹಾಗೆ ಕೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅವಳು ಪಾತ್ರೆ ಕೆಳಗಿಟ್ಟಳು. "ಅವ್ವ ಹೇಳಿ ಹೋಗ್ಯಾಳ್ರಿ ಕಾಕಾ. ‘ಸಾಹೇಬ್ರು ನಿಂಗಿನ್ನ ಕೇಳ್ತಾರ, ಕೊಡಬ್ಯಾಡ. ಒಂದ ಮನ್ಯಾಗ ಎರಡಾದ್ರ ರಾಜಾಗ ಹೊಟ್ಟಿಕಿಚ್ಚ ಆಗ್ತೈತಿ. ಅದರ ಉರಿ ಹೆಂಗಿರ್ತೈತಂತ ಸಾಹೇಬ್ರಿಗೆ ಗೊತ್ತೈತಿ, ಆ ಮೂಕ ಪ್ರಾಣಿಗಿ ಯಾಕ’ ಅಂದ್ಲು."

ನಿಂಗಿ ಟಂಟಂ ಆಟೊ ಹತ್ತಿ ಕಮತಗಿಗೆ ಹೋಯಿತು.

ಈಗ ಹದಿನೈದು ದಿನಕ್ಕೊಮ್ಮೆ ಬಾಗಲಕೋಟೆಯಲ್ಲಿ ಬಸ್ ಬದಲಿಸಿ ಕಮತಗಿಗೆ ಹೋಗುತ್ತೇನೆ. ನಿಂಗಿ ನನ್ನ ಚೀಲಕ್ಕೆ ಮೂತಿ ಹಾಕಿ ರೊಟ್ಟಿ ತಿಂದು, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತದೆ. ಮಗಳು ಚಹಾ ಮಾಡಿಕೊಡುತ್ತಾಳೆ. ಸಂಜೆ ಬಸ್ಸಿಗೆ ಹಿಂತಿರುಗುತ್ತೇನೆ. ಎಲ್ಲಿಗೆ ಹೋಗುತ್ತೇನೆಂದು ಹೆಂಡತಿಗೆ ಗೊತ್ತು, ರಾಜಾನಿಗೆ ಹೇಳುವುದಿಲ್ಲ. ಮನೆಗೆ ಬಂದ ಕೂಡಲೇ ಅವನು ಓಡಿಬಂದು ನನ್ನ ಪ್ಯಾಂಟು ಮೂಸುತ್ತಾನೆ. ತುಂಬ ಹೊತ್ತು ಮೂಸುತ್ತಾನೆ. ಆಮೇಲೆ ಒಳಗೆ ಹೋಗಿ ನನಗೆ ಬೆನ್ನು ಮಾಡಿ ಮಲಗುತ್ತಾನೆ. ಕರೆದರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನಾನು ಅವನನ್ನು ಬೈಯುವುದಿಲ್ಲ. ಪಕ್ಕದಲ್ಲಿ ಕೂತು, ಅವನ ಉರಿ ಇಳಿಯುವವರೆಗೆ ಕಾಯುತ್ತೇನೆ.