ಟ್ಯಾಂಪಿನೀಸ್‌ನಲ್ಲಿ ಅಕ್ಕ ಹೇಳಿದ ಕಾರಣ

2016ರ ಜೂನ್ ತಿಂಗಳ ಒಂದು ಬುಧವಾರ ಬೆಂಗಳೂರಿನಿಂದ ವಿಮಾನ ಹತ್ತಿದೆ. ನಾಲ್ಕೂವರೆ ಗಂಟೆಯ ಹಾದಿ. ಇಂಗ್ಲೆಂಡಿನ ಪ್ರಜೆಯಾಗಿದ್ದ ನನ್ನ ಅಕ್ಕ ಸುಮಿತ್ರಾ ಸಿಂಗಪುರದಲ್ಲಿದ್ದ ಮಗಳು ವಿದ್ಯಾಳ ಮನೆಗೆ ಬಂದಿದ್ದಳು. ನಾವು ಮುಖ ನೋಡಿ ಹನ್ನೊಂದು ವರ್ಷವಾಗಿತ್ತು.

ಚಾಂಗಿ ವಿಮಾನ ನಿಲ್ದಾಣದಿಂದ ಎಂಆರ್‌ಟಿ ರೈಲು ಹಿಡಿದು, ತಾನಾ ಮೆರಾದಲ್ಲಿ ಇನ್ನೊಂದಕ್ಕೆ ಬದಲಿಸಿ, ಟ್ಯಾಂಪಿನೀಸ್‌ನಲ್ಲಿ ಇಳಿದೆ. ಮೋಡ ಕವಿದು ಮೈಯೆಲ್ಲ ಬೆವರುವ ಸೆಕೆ. ಅಕ್ಕ ನಿಲ್ದಾಣಕ್ಕೇ ಬಂದಿದ್ದಳು. “ಇಷ್ಟು ಬಡವಾಗಿದ್ದೀಯಲ್ಲೋ” ಎಂದು ಕೈ ಹಿಡಿದುಕೊಂಡವಳು ಮನೆ ತಲುಪುವವರೆಗೂ ಬಿಡಲಿಲ್ಲ.

ಅವಳ ಅಳಿಯ ಮಾರೆಕ್ ಪೋಲೆಂಡಿನವನು. ವಿದ್ಯಾಳ ಜೊತೆ ಇಂಗ್ಲೆಂಡಿನಲ್ಲಿ ಓದಿದವನು. ಮುಂದಿನ ವರ್ಷ ಇಬ್ಬರೂ ಅಲ್ಲಿಗೇ ಮರಳಿ ಅಕ್ಕನ ಮನೆಯಲ್ಲೇ ಇರುವುದೆಂದು ಮಾತಾಗಿತ್ತು. ಮೇಲಿನ ಕೋಣೆಗೆ ಅಕ್ಕ ಆಗಲೇ ಬಣ್ಣ ಹೊಡೆಸಿದ್ದಳು.

ಗುರುವಾರ ನಾನೂ ಅಕ್ಕನೂ ಇಬ್ಬರೇ ಹಾಕರ್ ಸೆಂಟರ್‌ನ ಸಾಲು ತಿಂಡಿ ಅಂಗಡಿಗಳಿಗೆ ಹೋಗಿ ದೋಸೆ ತಿಂದೆವು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಇಂಗ್ಲೆಂಡಿನಲ್ಲಿ ಅಂದೇ ಮತದಾನ.

“ನೀನು ಯಾವ ಕಡೆ?” ಎಂದೆ.

“ಬಿಡೋಣ ಅಂತ ಹಾಕಿದೆ. ಪೋಸ್ಟಲ್ಲಿ. ವಿದ್ಯಾಗೆ ಹೇಳ್ಬೇಡ. ನಿಮ್ಮ ಭಾವ ತೀರಿಹೋದಾಗ ನಿಂಗೆ ವೀಸಾ ಕೊಡ್ಲಿಲ್ಲ. ಒಡಹುಟ್ಟಿದವನು ಬರ್ತಾನೆ ಅಂತ ಕಾದೆ. ಪಕ್ಕದ್ಮನೆಯವಳ ತಮ್ಮ ಯುರೋಪಿಂದ ವೀಸಾನೇ ಇಲ್ದೆ ಬೇಕಾದಾಗ ಬಂದುಹೋಗ್ತಾನೆ. ಅವರಿಗೆ ಬಾಗಿಲು ಮುಚ್ಚಿದ್ರೆ ನಮ್ಮೋರಿಗೆ ತೆಗೀತಾರೆ ಅಂತ ಬಿಡೋಣ ಅನ್ನೋರ ಮೀಟಿಂಗಲ್ಲಿ ಹೇಳಿದ್ರು.”

“ಮತ್ತೆ ಮಾರೆಕ್? ಪೋಲೆಂಡೂ ಆ ಒಕ್ಕೂಟದ್ದೇ ಅಲ್ವಾ?”

“ಅವನು ಮನೆಯವನಲ್ವೇನೋ. ಇದು ಅವನಿಗೂ ತಾಗತ್ತೆ ಅಂತ ಹೊಳೀಲೇ ಇಲ್ಲ.”

ನನ್ನಿಂದ ಇದಾಯಿತಲ್ಲ ಎನ್ನಿಸಿ ಕಾಫಿಯನ್ನು ಅರ್ಧಕ್ಕೇ ಬಿಟ್ಟೆದ್ದೆ.

ಶುಕ್ರವಾರ ಸಸ್ಯೋದ್ಯಾನ ತೋರಿಸಲೆಂದು ಮಾರೆಕ್ ರಜೆ ಹಾಕಿದ್ದ. ಜೋರು ಮಳೆ ಬಂದು ಮನೆಯಲ್ಲೇ ಉಳಿದೆವು. ಮಧ್ಯಾಹ್ನದ ಹೊತ್ತಿಗೆ, ಬಿಡುವ ಪಕ್ಷವೇ ಗೆದ್ದಿತೆಂದು ಟಿವಿಯಲ್ಲಿ ಬಂತು. ಮಾರೆಕ್ ಸದ್ದು ಪೂರ್ತಿ ಇಳಿಸಿದ.

“ಯಾರು ವೋಟ್ ಹಾಕಿರ್ತಾರೆ ಇದಕ್ಕೆ? ನಮಗೆ ಗೊತ್ತಿರೋರು ಒಬ್ರೂ ಹಾಕಿರಲ್ಲ” ಎಂದಳು ವಿದ್ಯಾ.

ಅಕ್ಕ ಸುಮ್ಮನಿರಬಹುದಿತ್ತು. “ನಾನು ಹಾಕ್ದೆ” ಎಂದಳು. ನನಗೆ ಹೇಳಿದ್ದನ್ನೇ ಮಾರೆಕ್‌ನ ಮುಂದೆ ಇಂಗ್ಲಿಷಿನಲ್ಲಿ ಹೇಳಿದಳು. ನಡುನಡುವೆ ನನ್ನತ್ತ ಕೈ ತೋರಿಸುತ್ತಿದ್ದಳು. ನಾನು ನೆಲ ನೋಡುತ್ತ ಕುಳಿತೆ.

ಮಾರೆಕ್ ಪೂರ್ತಿ ಕೇಳಿಸಿಕೊಂಡ. ದನಿ ಏರಿಸಲಿಲ್ಲ. “ಇವರಿಗೆ ವೀಸಾ ಕೊಡಬೇಕಿತ್ತು, ಅದು ಅನ್ಯಾಯವೇ” ಎಂದ. ಆಮೇಲೆ, “ಅವತ್ತು ಮಾವನ ಶವಪೆಟ್ಟಿಗೆಗೆ ಹೆಗಲು ಕೊಡಲು ಒಬ್ಬರು ಕಡಿಮೆಯಿದ್ದರು. ಇವರ ಜಾಗದಲ್ಲಿ ನಾನು ನಿಂತೆ” ಎಂದು ಎದ್ದು ಒಳಗೆ ಹೋದ.

ನನಗದು ಗೊತ್ತೇ ಇರಲಿಲ್ಲ.

ಆ ಸಂಜೆ ಊಟಕ್ಕೆ ಅಕ್ಕ ಮಾಡಿದ ಬಿಸಿಬೇಳೆಬಾತನ್ನು ಎಲ್ಲರೂ ತಿಂದೆವು; ಮಾತು ಬರೀ ಉಪ್ಪಿನಕಾಯಿಯದ್ದು, ಮಳೆಯದ್ದು. ಶನಿವಾರ ಮಾರೆಕ್ ನನ್ನೊಬ್ಬನನ್ನೇ ಉದ್ಯಾನಕ್ಕೆ ಕರೆದೊಯ್ದು, ಮರಗಳ ಹೆಸರು ಹೇಳುತ್ತ ನಡೆದ.

ಭಾನುವಾರ ವಿಮಾನ ನಿಲ್ದಾಣದಲ್ಲಿ ವಿದ್ಯಾ ನನ್ನನ್ನು ಪಕ್ಕಕ್ಕೆ ಕರೆದಳು. “ನಾವು ಇಂಗ್ಲೆಂಡಿಗೆ ಶಿಫ್ಟ್ ಆಗಲ್ಲ ಮಾಮ. ತಾನು ಬೇಡವಾದ ಕಡೆ ಬರಲ್ಲ ಅಂತಿದ್ದಾನೆ ಮಾರೆಕ್. ಅಮ್ಮಂಗೆ ಇನ್ನೂ ಹೇಳಿಲ್ಲ.”

ಅಕ್ಕನಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ. ಒಳಗೆ ಹೋಗಿ ಗಾಜಿನಾಚೆ ತಿರುಗಿ ನೋಡಿದೆ. ಮಾರೆಕ್ ನನಗೆ ಕೈ ಬೀಸುತ್ತಿದ್ದ. ಅಕ್ಕ ನನ್ನತ್ತ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.